ಮನೆಯ ಪಕ್ಕದ ಕೊಳದಿಂದ ಚಳಿಗೆ ಬಿಸಿ, ಬೇಸಿಗೆಗೆ ತಂಪು: ಕೊಳ ಎಷ್ಟು ದೊಡ್ಡದಿರಬೇಕು?

ಮನೆ ಕಟ್ಟಿಸುತ್ತಿರುವವರು

ಎಲ್ಲರಿಗೂ ನಮಸ್ಕಾರ. ನಾವು ಕಟ್ಟಿಸುತ್ತಿರುವ ಮನೆಗೆ ಸುಮಾರು 40 ಮೀಟರ್ ದೂರದಲ್ಲಿ ನಮ್ಮದೇ ಆದ ಒಂದು ಕೊಳವಿದೆ. ಅದರ ಹರವು ಸುಮಾರು 1,000 ಚದರ ಮೀಟರ್. ನಡುವಿನ ಮಡುವಿನಲ್ಲಿ 3 ಮೀಟರ್ ಆಳವಿದ್ದು, ಅಂಚುಗಳನ್ನೂ ಸೇರಿಸಿ ನೋಡಿದರೆ ಸರಾಸರಿ ಆಳ 2 ಮೀಟರ್ ಬರುತ್ತದೆ. ಚಳಿಗಾಲದಲ್ಲಿ ಕೊಳದ ಮೇಲ್ಮೈ ಹೆಪ್ಪುಗಟ್ಟುತ್ತದೆ, ಬೇಸಿಗೆಯಲ್ಲಿ ಮನೆಯನ್ನು ತಂಪಾಗಿಡುವ ಅಗತ್ಯವೂ ಬೀಳುತ್ತದೆ. ಅತಿ ಚಳಿಯ ಹೊತ್ತಿನಲ್ಲಿ ಮನೆಗೆ 10 ಕಿಲೋವ್ಯಾಟ್ ಶಾಖ ಬೇಕಾಗುತ್ತದೆಂದು ವಿನ್ಯಾಸಕಾರರು ಲೆಕ್ಕ ಕೊಟ್ಟಿದ್ದಾರೆ.

ಭೂಶಾಖ ಬಳಸುವ ಹೀಟ್ ಪಂಪಿಗಾಗಿ ಕೊಳವೆಬಾವಿಗಳನ್ನು ಕೊರೆಸುವ ಬದಲು ಕೊಳದ ತಳದಲ್ಲಿಯೇ ಪೈಪಿನ ಸುರುಳಿಗಳನ್ನು ಮುಳುಗಿಸಿದರೆ ಕೊರೆಯುವ ಖರ್ಚು ಪೂರ್ತಿ ಉಳಿಯುತ್ತದೆ ಎಂದು ಕೇಳಿದ್ದೇನೆ. ಮೇಲೆ ಮಂಜುಗಡ್ಡೆ ಕಟ್ಟಿರುವ ನೀರಿನಿಂದ ಮನೆ ಬೆಚ್ಚಗಾಗುವಷ್ಟು ಶಾಖ ಹೇಗೆ ಸಿಗುತ್ತದೆ, ನಮ್ಮ ಕೊಳ ಅದಕ್ಕೆ ಸಾಲುತ್ತದೆಯೇ, ಅದರಲ್ಲಿರುವ ಮೀನುಗಳಿಗೆ ತೊಂದರೆಯಾಗುವುದಿಲ್ಲವೇ ಎಂಬುದನ್ನು ಬಲ್ಲವರು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಹೀಟ್ ಪಂಪ್ ಎಂಜಿನಿಯರ್

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ನೀರಿನ ಒಂದು ವಿಚಿತ್ರ ಗುಣದಲ್ಲಿದೆ. ನೀರು ಅತಿ ಹೆಚ್ಚು ಸಾಂದ್ರವಾಗಿರುವುದು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ತಣ್ಣಗಾದ ನೀರು ಹಗುರವಾಗಿ ಮೇಲೇರುತ್ತದೆ, ಅಲ್ಲಿಯೇ ಹೆಪ್ಪುಗಟ್ಟುತ್ತದೆ, ಹಾಗೆ ಹೆಪ್ಪುಗಟ್ಟಿದ ಗಡ್ಡೆಯು ಕೆಳಗಿನ ನೀರಿಗೆ ಹೊದಿಕೆಯಾಗುತ್ತದೆ. ಆದ್ದರಿಂದ ಹೊರಗಿನ ಗಾಳಿ ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗಿದ್ದರೂ ಸಾಕಷ್ಟು ಆಳವಿರುವ ಕೊಳದ ತಳದಲ್ಲಿ 4 ಡಿಗ್ರಿಯ ಆಸುಪಾಸಿನ ನೀರು ಉಳಿದುಕೊಂಡಿರುತ್ತದೆ.

ನಾಲ್ಕು ಡಿಗ್ರಿಯ ನೀರು ನಮ್ಮ ಕೈಗೆ ಕೊರೆಯುವಷ್ಟು ತಣ್ಣಗಿದ್ದರೂ ಹೀಟ್ ಪಂಪಿನ ಮಟ್ಟಿಗೆ ಅದು ಶಾಖದ ಮೂಲವೇ. ತಗ್ಗಿನಲ್ಲಿರುವ ನೀರನ್ನು ಪಂಪು ಎತ್ತರದ ತೊಟ್ಟಿಗೆ ಏರಿಸುವಂತೆ, ಈ ಯಂತ್ರವು ಕಡಿಮೆ ಉಷ್ಣತೆಯಲ್ಲಿರುವ ಶಾಖವನ್ನು ಹೆಚ್ಚಿನ ಉಷ್ಣತೆಗೆ ಏರಿಸಿ ಮನೆಯೊಳಗೆ ಬಿಡುತ್ತದೆ, ಏರಿಸುವ ಎತ್ತರ ಕಡಿಮೆಯಾದಷ್ಟೂ ವಿದ್ಯುತ್ ಉಳಿಯುತ್ತದೆ. ಈ ತತ್ತ್ವವನ್ನು ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ 1852ರಲ್ಲಿಯೇ ವಿವರಿಸಿದ್ದರು. ನೀರಿನಿಂದ ಶಾಖ ಪಡೆಯುವುದೂ ಹೊಸದಲ್ಲ: ಜ್ಯೂರಿಕ್ ನಗರದ ಪುರಸಭಾ ಭವನದಲ್ಲಿ ಲಿಮ್ಮಾಟ್ ನದಿಯ ನೀರನ್ನು ಬಳಸುವ ಹೀಟ್ ಪಂಪು 1938ರಲ್ಲಿಯೇ ಕೆಲಸ ಮಾಡುತ್ತಿತ್ತು.

ಕೊಳದ ಶಾಖವು ಭೂಮಿಯ ಗರ್ಭದಿಂದ ಬರುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು, ಏಕೆಂದರೆ ಮುಂದಿನ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ. ಬೇಸಿಗೆಯಲ್ಲಿ ಬಿಸಿಲು ನೀರಿಗೂ ತಳದ ಮಣ್ಣಿಗೂ ತುಂಬಿದ ಶಾಖವನ್ನೇ ನೀವು ಚಳಿಗಾಲದಲ್ಲಿ ತೆಗೆಯುತ್ತೀರಿ. ಆಳವಾದ ಕೊಳವೆಬಾವಿಯ ಸುತ್ತ ನೆಲದ ಉಷ್ಣತೆ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಸಮನಿರುತ್ತದೆ. ಕೊಳ ಹಾಗಲ್ಲ, ಅದು ಋತುವಿನೊಂದಿಗೆ ಏರಿಳಿಯುತ್ತದೆ. ಅದರಲ್ಲಿ ಎಷ್ಟು ಶಾಖವಿದೆ, ನಾವು ಎಷ್ಟು ತೆಗೆಯುತ್ತೇವೆ, ಅದಕ್ಕೆ ಎಷ್ಟು ಮರಳಿ ಬರುತ್ತದೆ ಎಂಬ ಮೂರನ್ನೂ ನೋಡದೆ ಯಂತ್ರ ಕೊಳ್ಳಬಾರದು.

ಈಗ ನಿಮ್ಮ ಕೊಳಕ್ಕೆ ಬರೋಣ. ಒಂದು ಘನ ಮೀಟರ್ ನೀರು ಒಂದು ಡಿಗ್ರಿ ತಣ್ಣಗಾದರೆ ಸುಮಾರು 1.16 ಕಿಲೋವ್ಯಾಟ್-ಗಂಟೆ, ಅಂದರೆ 1.16 ಯೂನಿಟ್ ಶಾಖ ಸಿಗುತ್ತದೆ. ನಿಮ್ಮ ಕೊಳದಲ್ಲಿ 2,000 ಘನ ಮೀಟರ್ ನೀರಿರುವುದರಿಂದ ಪ್ರತಿ ಡಿಗ್ರಿಗೆ ಸುಮಾರು 2,300 ಯೂನಿಟ್ ಶಾಖವಿದೆ ಎಂದಾಯಿತು. ಮನೆಯ ಗರಿಷ್ಠ ಬೇಡಿಕೆ 10 ಕಿಲೋವ್ಯಾಟ್ ಆದರೂ ಚಳಿಗಾಲದ ಸರಾಸರಿ ಅದಕ್ಕಿಂತ ಕಡಿಮೆ, 6 ಕಿಲೋವ್ಯಾಟ್ ಎಂದಿಟ್ಟುಕೊಳ್ಳಿ. ಒಂದು ಯೂನಿಟ್ ವಿದ್ಯುತ್ತಿಗೆ ಮೂರೂವರೆ ಯೂನಿಟ್ ಶಾಖ ಕೊಡುವ ಯಂತ್ರವಾದರೆ, ಆ 6 ಕಿಲೋವ್ಯಾಟ್‌ನಲ್ಲಿ ಸುಮಾರು 4.3 ಕಿಲೋವ್ಯಾಟ್ ಕೊಳದಿಂದ ಬರುತ್ತದೆ, ಉಳಿದದ್ದು ಕಂಪ್ರೆಸರಿನ ವಿದ್ಯುತ್ತು. ದಿನಕ್ಕೆ 103 ಯೂನಿಟ್ ಶಾಖವನ್ನು ತೆಗೆದಂತಾಯಿತು, ಅಷ್ಟಕ್ಕೆ ಇಡೀ ಕೊಳ 0.044 ಡಿಗ್ರಿಯಷ್ಟು ತಣ್ಣಗಾಗುತ್ತದೆ.

ಈ ಸಂಖ್ಯೆ ಅತ್ಯಲ್ಪವೆಂದು ಕಾಣುತ್ತದೆ. ಆದರೆ ಕೊಳಕ್ಕೆ ಯಾವ ಕಡೆಯಿಂದಲೂ ಶಾಖ ಮರಳಿ ಬಾರದಿದ್ದರೆ 90 ದಿನಗಳಲ್ಲಿ ಅದೇ 4 ಡಿಗ್ರಿಯಾಗುತ್ತದೆ, ಅಂದರೆ ನಾಲ್ಕು ಡಿಗ್ರಿಯಿಂದ ಹೊರಟ ಕೊಳದ ಉಳಿತಾಯವೆಲ್ಲ ಒಂದೇ ಚಳಿಗಾಲದಲ್ಲಿ ಕರಗುತ್ತದೆ. ವಾಸ್ತವದಲ್ಲಿ ತಳದ ಮಣ್ಣು ಬೇಸಿಗೆಯ ಶಾಖವನ್ನು ನಿಧಾನವಾಗಿ ಹಿಂದಿರುಗಿಸುತ್ತದೆ, ಒರತೆಯಿದ್ದರೆ ಅದೂ ಶಾಖ ತರುತ್ತದೆ, ಹಿಮ ಮುಚ್ಚದ ತಿಳಿಯಾದ ಗಡ್ಡೆಯ ಮೂಲಕ ಬಿಸಿಲೂ ಒಳಗಿಳಿಯುತ್ತದೆ. ಆದರೆ ಮಣ್ಣಿನಿಂದ ಬರುವುದು ಚದರ ಮೀಟರಿಗೆ ಕೆಲವೇ ವ್ಯಾಟ್. ನೀವು ತೆಗೆಯುತ್ತಿರುವುದೂ ಚದರ ಮೀಟರಿಗೆ 4.3 ವ್ಯಾಟ್. ಹೀಗಾಗಿ ನಿಮ್ಮ ಕೊಳ ಸಾಲದು ಎಂದು ನಾನು ಹೇಳಲಾರೆ, ಆದರೆ ಗಡಿಯಂಚಿನಲ್ಲಿದೆ ಎಂದು ಹೇಳಲೇಬೇಕು. ಸಾಮಾನ್ಯ ಮನೆಗೆ ಕನಿಷ್ಠ ಅರ್ಧ ಎಕರೆ ಹರವಿನ ಕೊಳ ಬೇಕೆಂದು ಈ ಕಸುಬಿನವರು ಹೇಳುವುದಕ್ಕೆ ಕಾರಣವೂ ಇದೇ ಲೆಕ್ಕ: ಎರಡು ಸಾವಿರ ಚದರ ಮೀಟರ್ ಹರವು, ಎರಡೂವರೆ ಮೀಟರ್ ಸರಾಸರಿ ಆಳವಿದ್ದರೆ ಅದೇ 90 ದಿನಗಳಲ್ಲಿ ಅದೇ ಬೇಡಿಕೆ ಕೊಳವನ್ನು 1.6 ಡಿಗ್ರಿಯಷ್ಟೇ ಇಳಿಸುತ್ತದೆ.

ಅಂಗಳದಲ್ಲಿ ಪುಟ್ಟ ಕೊಳವಿರುವವರು

ಹಾಗಾದರೆ 200 ಚದರ ಮೀಟರ್ ಹರವು, ಒಂದೂವರೆ ಮೀಟರ್ ಆಳವಿರುವ ನಮ್ಮಂಥವರ ಕೊಳಗಳ ಗತಿಯೇನು? ಪೈಪನ್ನು ಹೆಚ್ಚು ಉದ್ದ ಹಾಕಿದರೆ ಕೊರತೆ ತುಂಬಬಹುದಲ್ಲವೇ?

ಹೀಟ್ ಪಂಪ್ ಎಂಜಿನಿಯರ್

ತುಂಬುವುದಿಲ್ಲ. ಪೈಪಿನ ಉದ್ದವು ಶಾಖವನ್ನು ಎಷ್ಟು ಸುಲಭವಾಗಿ ತೆಗೆಯಬಹುದು ಎಂಬುದನ್ನು ನಿರ್ಧರಿಸುತ್ತದೆಯೇ ಹೊರತು ಎಷ್ಟು ಶಾಖವಿದೆ ಎಂಬುದನ್ನಲ್ಲ. ನಿಮ್ಮ 300 ಘನ ಮೀಟರ್ ನೀರು ಮೇಲಿನ ಮನೆಯ ಬೇಡಿಕೆಗೆ ದಿನಕ್ಕೆ 0.3 ಡಿಗ್ರಿಯಂತೆ ಇಳಿದು, ಎರಡು ವಾರ ತುಂಬುವಷ್ಟರಲ್ಲಿ ಹೆಪ್ಪುಗಟ್ಟುವ ಹಂತಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ನೀರು ಗಡ್ಡೆಯಾಗುವಾಗ ಘನ ಮೀಟರಿಗೆ ಸುಮಾರು 93 ಯೂನಿಟ್ ಶಾಖ ಬಿಟ್ಟುಕೊಡುತ್ತದೆ ಎಂಬುದು ನಿಜ. ಅದನ್ನೇ ಉದ್ದೇಶಪೂರ್ವಕವಾಗಿ ಬಳಸುವ ಮಂಜುಗಡ್ಡೆ ತೊಟ್ಟಿಗಳೂ ಇವೆ. ಆದರೆ ಅವು ಅದಕ್ಕೆಂದೇ ಕಟ್ಟಿದ ತೊಟ್ಟಿಗಳು. ಮೀನು, ಸಸ್ಯ, ಏರಿ, ತೂಬು ಇರುವ ಜೀವಂತ ಕೊಳವನ್ನು ತಳದವರೆಗೆ ಹೆಪ್ಪುಗಟ್ಟಿಸುವ ಯೋಜನೆಯನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಪೈಪ್ ಕೆಲಸದ ಗುತ್ತಿಗೆದಾರರು

ಎಂಜಿನಿಯರ್ ಅವರ ಲೆಕ್ಕ ಒಪ್ಪುವಂಥದ್ದು. ನೀರಿನೊಳಗಿನ ಕೆಲಸದ ಬಗ್ಗೆ ನಾನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಲೆಕ್ಕ ಸರಿಯಿದ್ದೂ ಕೆಲಸ ಕೆಡುವುದು ಇಲ್ಲಿಯೇ.

ಬಳಸುವುದು ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಪೈಪು, ಸಾಮಾನ್ಯವಾಗಿ ಮುಕ್ಕಾಲು ಇಂಚಿನದು. ಮೂರೂವರೆ ಕಿಲೋವ್ಯಾಟ್, ಅಂದರೆ ಒಂದು ಟನ್ ಸಾಮರ್ಥ್ಯಕ್ಕೆ 90 ಮೀಟರಿನಷ್ಟು ಪೈಪು ಎಂಬುದು ರೂಢಿಯ ಅಂದಾಜು. ನಿಮ್ಮ 10 ಕಿಲೋವ್ಯಾಟ್‌ಗೆ ಸಮಾನ ಉದ್ದದ ಮೂರು ಸುರುಳಿಗಳು ಬೇಕಾಗುತ್ತವೆ. ಅವುಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸದೆ ಸಮಾನಾಂತರವಾಗಿ ಜೋಡಿಸಬೇಕು, ಇಲ್ಲವಾದರೆ ದ್ರವವನ್ನು ತಳ್ಳುವ ಪಂಪೇ ಉಳಿತಾಯದ ಒಂದು ಪಾಲನ್ನು ನುಂಗುತ್ತದೆ. ಅಂಗಡಿಯಿಂದ ಬಂದ ಸುರುಳಿಯನ್ನು ಕಟ್ಟು ಬಿಚ್ಚದೆ ಹಾಗೆಯೇ ಮುಳುಗಿಸುವುದನ್ನು ಕಂಡಿದ್ದೇನೆ, ಅದನ್ನು ಖಂಡಿತವಾಗಿ ಮಾಡಬಾರದು. ಒಂದಕ್ಕೊಂದು ಅಂಟಿದ ಸುತ್ತುಗಳ ನಡುವೆ ನೀರು ಸುಳಿಯುವುದಿಲ್ಲವಾದ್ದರಿಂದ ಒಳಗಿನ ಪೈಪುಗಳು ಇದ್ದೂ ಇಲ್ಲದಂತೆಯೇ. ಸುತ್ತುಗಳ ನಡುವೆ ತುಂಡು ಪೈಪುಗಳನ್ನು ತೂರಿಸಿ ಅಂತರ ಉಳಿಸಿಕೊಳ್ಳಬೇಕು.

ಎಚ್‌ಡಿಪಿಇ ನೀರಿಗಿಂತ ಹಗುರ, ದ್ರವ ತುಂಬಿದ ಮೇಲೂ ಅದು ತಾನಾಗಿ ತಳದಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಚೌಕಟ್ಟಿಗೆ ಕಟ್ಟಿದ ಸುರುಳಿಗಳನ್ನು ಗಾಳಿ ತುಂಬಿದ ಸ್ಥಿತಿಯಲ್ಲಿ ನೀರಿನ ಮೇಲೆ ತೇಲಿಸಿಕೊಂಡು ಮಡುವಿನ ಮೇಲಕ್ಕೆ ಒಯ್ದು, ತೂಕ ಕಟ್ಟಿ, ಒಳಗೆ ದ್ರವ ತುಂಬುತ್ತ ಇಳಿಸುತ್ತೇವೆ. ಚಳಿಗಾಲದಲ್ಲಿ ಪೈಪಿನ ಹೊರಮೈ ಸೊನ್ನೆಗಿಂತ ಕೆಳಗಿಳಿದರೆ ಅದರ ಸುತ್ತ ಗಡ್ಡೆ ಕಟ್ಟುತ್ತದೆ, ಒಂದು ಘನ ಮೀಟರ್ ಗಡ್ಡೆ ಸುಮಾರು 80 ಕಿಲೋ ತೂಕವನ್ನು ಮೇಲೆತ್ತಬಲ್ಲದು. ಬೇಸಿಗೆಯಲ್ಲಿ ಕಟ್ಟಿದ ತೂಕ ಸಾಕೆನಿಸಿದರೂ ಚಳಿಗಾಲದಲ್ಲಿ ಸುರುಳಿ ಎದ್ದು ಬಂದು ಮೇಲಿನ ಗಡ್ಡೆಗೆ ಅಂಟಿಕೊಂಡರೆ ಪೈಪು ಕಿತ್ತುಹೋಗುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸಿದ ಕೊಳವಾದರೆ ತೂಕದ ಅಡಿಯಲ್ಲಿ ದಪ್ಪನೆಯ ಮೆತ್ತೆ ಹಾಕಿ, ಚೂಪಾದ ಕಲ್ಲು, ಕಬ್ಬಿಣದ ತುಂಡುಗಳನ್ನು ದೂರವಿಡಬೇಕು.

ಕೊಳದಿಂದ ಮನೆಗೆ ಹೋಗುವ ಕಂದಕವು ನೆಲ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗಿರಬೇಕು. ಕೊಳಕ್ಕೆ ಮಣ್ಣಿನ ಏರಿಯಿದ್ದರೆ ಯಾವ ಕಾರಣಕ್ಕೂ ಏರಿಯನ್ನು ಸೀಳಿ ಪೈಪು ಹಾಯಿಸಬೇಡಿ. ಪೈಪಿನ ಹೊರಮೈಯನ್ನು ಹಿಡಿದು ನೀರು ಜಿನುಗಲಾರಂಭಿಸಿದರೆ ಅದೇ ಮುಂದೆ ಏರಿ ಒಡೆಯಲು ದಾರಿಯಾಗಬಹುದು. ಗಟ್ಟಿ ನೆಲದ ದಂಡೆಯ ಕಡೆಯಿಂದ, ದೂರವಾದರೂ ಸರಿ, ಸುತ್ತಿಕೊಂಡು ಬನ್ನಿ. ನಿಮ್ಮ 40 ಮೀಟರ್ ಅಂತರ ಒಳ್ಳೆಯದೇ, ಅರವತ್ತು ಮೀಟರ್ ದಾಟಿದರೆ ಕಂದಕದ ಖರ್ಚೂ ಪಂಪಿನ ಶ್ರಮವೂ ಎರಡು ಸಲ ಯೋಚಿಸುವಂತೆ ಮಾಡುತ್ತವೆ.

ನೀರಿನಡಿಯಲ್ಲಿ ಹೋಗುವ ಪ್ರತಿ ಜೋಡಣೆಯನ್ನೂ ಕಾಯಿಸಿ ಬೆಸೆಯಬೇಕೇ ಹೊರತು ಕ್ಲಿಪ್ಪು, ತಿರುಪುಗಳಿಂದ ಬಿಗಿಯಬಾರದು. ಮುಳುಗಿಸುವ ಮೊದಲೊಮ್ಮೆ, ಮುಳುಗಿಸಿದ ಮೇಲೆ ಮತ್ತೊಮ್ಮೆ ಒತ್ತಡ ಪರೀಕ್ಷೆ ಮಾಡಿಸಿ, ಎರಡೂ ಸಲ ಮಾಪಕದ ಅಂಕಿಯನ್ನು ನೀವೇ ನಿಂತು ನೋಡಿ. ಕೊನೆಗೆ ಸೆಕೆಂಡಿಗೆ 0.6 ಮೀಟರಿಗಿಂತ ಕಡಿಮೆಯಿಲ್ಲದ ವೇಗದಲ್ಲಿ ದ್ರವ ಹಾಯಿಸಿ ಒಳಗಿನ ಗಾಳಿಯನ್ನು ಪೂರ್ತಿ ಹೊರದಬ್ಬಬೇಕು.

ಕೊಳ, ಮೀನು ನೋಡಿಕೊಳ್ಳುವವರು

ಮೀನುಗಳ ಪ್ರಶ್ನೆಗೆ ಉತ್ತರಿಸುವ ಮೊದಲು ಒಂದು ಮುಖ್ಯ ವಿಷಯವನ್ನು ಕೇಳಬೇಕಾಗಿದೆ. ನೀವು ಕೊಳದಲ್ಲಿ ಗಾಳಿ ಊದುವ ಏರೇಟರ್ ಬಳಸುತ್ತೀರಾ? ಚಳಿಗಾಲದಲ್ಲಿ ಮೀನುಗಳಿಗೆ ಆಮ್ಲಜನಕ ಸಿಗಲೆಂದು ಅನೇಕರು ತಳದಿಂದ ಗಾಳಿಗುಳ್ಳೆ ಬಿಡುತ್ತಾರೆ. ಆ ಗುಳ್ಳೆಗಳು ತಳದ ನಾಲ್ಕು ಡಿಗ್ರಿಯ ನೀರನ್ನು ಮೇಲಕ್ಕೆಳೆದು ಸೊನ್ನೆಯ ಹತ್ತಿರದ ನೀರಿನೊಂದಿಗೆ ಕಲೆಸಿಬಿಡುತ್ತವೆ. ಹೀಟ್ ಪಂಪು ನೆಚ್ಚಿಕೊಂಡಿರುವ ಪದರವೇ ಅದು, ಮೀನುಗಳು ಚಳಿಗಾಲ ಕಳೆಯುವುದೂ ಅದರಲ್ಲಿಯೇ. ಏರೇಟರ್ ಬೇಕೇ ಬೇಕೆಂದಿದ್ದರೆ ಅದನ್ನು ಸುರುಳಿಗಳಿಂದ ದೂರ, ದಂಡೆಯ ಹತ್ತಿರದ ಆಳವಿಲ್ಲದ ಜಾಗದಲ್ಲಿ ಇಟ್ಟು, ಒಂದು ಮೂಲೆಯಲ್ಲಿ ಮಾತ್ರ ನೀರು ತೆರೆದಿರುವಂತೆ ನೋಡಿಕೊಳ್ಳಿ. ಅಂಥ ಕಡೆ ಗಡ್ಡೆ ತೆಳುವಾಗಿರುತ್ತದೆ, ಮಕ್ಕಳು ಗಡ್ಡೆಯ ಮೇಲೆ ಹೋಗದಂತೆ ಎಚ್ಚರಿಕೆಯ ಫಲಕವನ್ನೂ ಹಾಕಿ.

ಬೇಸಿಗೆಯ ವಿಚಾರ ಬೇರೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರಬಲ್ಲ ಆಮ್ಲಜನಕ ಕಡಿಮೆ: ಸಿಹಿನೀರಿನಲ್ಲಿ 10 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 11.3 ಮಿಲಿಗ್ರಾಂ ಇದ್ದದ್ದು 20 ಡಿಗ್ರಿಯಲ್ಲಿ 9.1ಕ್ಕೆ, 30 ಡಿಗ್ರಿಯಲ್ಲಿ 7.6ಕ್ಕೆ ಇಳಿಯುತ್ತದೆ. ಮನೆಯ ಶಾಖವನ್ನೆಲ್ಲ ಕೊಳಕ್ಕೆ ಬಿಟ್ಟರೆ ಈ ಅಂಕಿ ಎಷ್ಟು ಬದಲಾಗುತ್ತದೆ ಎಂಬುದನ್ನು ಎಂಜಿನಿಯರ್ ಅವರೇ ಹೇಳಬೇಕು.

ಇನ್ನೊಂದು, ಪೈಪಿನೊಳಗಿನ ದ್ರವ, ಅಂದರೆ ಹೆಪ್ಪುಗಟ್ಟದಿರಲೆಂದು ಗ್ಲೈಕಾಲ್ ಅಥವಾ ಮೆಥನಾಲ್ ಬೆರೆಸಿದ ನೀರು. ಯಾವ ಜೋಡಣೆಯೂ ಎಂದೂ ಸೋರುವುದಿಲ್ಲವೆಂದು ಯಾರೂ ಭರವಸೆ ಕೊಡಲಾರರು. ಎಥಿಲೀನ್ ಗ್ಲೈಕಾಲ್ ವಿಷಕಾರಿ, ಮೆಥನಾಲ್ ವಿಷಕಾರಿಯೂ ಹೌದು, ಬೆಂಕಿ ಹಿಡಿಯುವಂಥದ್ದೂ ಹೌದು. ಪ್ರೊಪಿಲೀನ್ ಗ್ಲೈಕಾಲ್ ಇವುಗಳಿಗಿಂತ ಎಷ್ಟೋ ನಿರಪಾಯಕಾರಿ. ಆದರೂ ಅದು ನೀರಿನಲ್ಲಿ ಕೊಳೆಯುವಾಗ ಆಮ್ಲಜನಕವನ್ನು ಬಹಳವಾಗಿ ಹೀರಿಕೊಳ್ಳುವುದರಿಂದ, ಗಡ್ಡೆ ಮುಚ್ಚಿದ ಚಿಕ್ಕ ಕೊಳದಲ್ಲಿ ಸೋರಿಕೆಯಾದರೆ ಮೀನುಗಳು ಉಸಿರುಗಟ್ಟಿ ಸಾಯಬಹುದು. ಯಂತ್ರದ ಬಳಿ ಒತ್ತಡ ಕುಸಿದ ಕೂಡಲೇ ಪಂಪು ನಿಲ್ಲುವ ವ್ಯವಸ್ಥೆಯನ್ನು ಕೇಳಿ ಹಾಕಿಸಿಕೊಳ್ಳಿ.

ಹೀಟ್ ಪಂಪ್ ಎಂಜಿನಿಯರ್

ಏರೇಟರ್ ಬಗ್ಗೆ ಹೇಳಿದ್ದಕ್ಕೆ ಧನ್ಯವಾದಗಳು. ವಿನ್ಯಾಸಪತ್ರಗಳಲ್ಲಿ ಅದರ ಪ್ರಸ್ತಾಪವೇ ಇರುವುದಿಲ್ಲ, ಇರಬೇಕು.

ಬೇಸಿಗೆಯ ಲೆಕ್ಕ ಸಮಾಧಾನಕರವಾಗಿದೆ. ಮನೆಯಿಂದ 8 ಕಿಲೋವ್ಯಾಟ್ ಶಾಖವನ್ನು ದಿನಕ್ಕೆ ಹತ್ತು ಗಂಟೆ ತೆಗೆದರೆ, ಕಂಪ್ರೆಸರಿನ ವಿದ್ಯುತ್ತೂ ಶಾಖವಾಗಿ ಸೇರಿ ಸುಮಾರು 10 ಕಿಲೋವ್ಯಾಟ್, ಅಂದರೆ ದಿನಕ್ಕೆ 100 ಯೂನಿಟ್ ಕೊಳಕ್ಕೆ ಹೋಗುತ್ತದೆ. ಚಳಿಗಾಲದಲ್ಲಿ ತೆಗೆಯುವಷ್ಟೇ ಇದು, ಆದರೆ ಬೇಸಿಗೆಯಲ್ಲಿ ಕೊಳದ ಬಾಯಿ ತೆರೆದಿರುತ್ತದೆ. ನೀರು ಒಂದಿಷ್ಟು ಬಿಸಿಯಾದ ಕೂಡಲೇ ಆವಿಯಾಗುವುದೂ ಹೆಚ್ಚಿ, ರಾತ್ರಿ ಆಕಾಶಕ್ಕೆ ಹೊಮ್ಮುವ ಶಾಖವೂ ಹೆಚ್ಚಿ, ಹೆಚ್ಚುವರಿ ಶಾಖ ಹೊರಟುಹೋಗುತ್ತದೆ. ನಿಮ್ಮ ಕೊಳದ ಹರವಿಗೆ ಸರಾಸರಿ ಉಷ್ಣತೆಯ ಏರಿಕೆ ಅರ್ಧ ಡಿಗ್ರಿಯನ್ನೂ ಮುಟ್ಟಲಾರದು. ಮೀನುಗಳಿಗೆ ಇದರಿಂದ ಬರುವ ತೊಂದರೆ ಒಂದು ಸೆಖೆಯ ವಾರ ತರುವ ತೊಂದರೆಗಿಂತ ಕಡಿಮೆ. ಹೆಪ್ಪುಗಟ್ಟುವ ಪ್ರದೇಶದ ಕೊಳವು ಸಾಲುತ್ತದೆಯೇ ಇಲ್ಲವೇ ಎಂಬುದನ್ನು ತೀರ್ಮಾನಿಸುವುದು ಯಾವಾಗಲೂ ಚಳಿಗಾಲವೇ, ಮೇಲೆ ಮುಚ್ಚಳ ಬಿದ್ದಿರುವ ಆ ಕೆಲವು ತಿಂಗಳುಗಳೇ.

ಒಂದು ನಿರೀಕ್ಷೆಯನ್ನು ಮಾತ್ರ ಇಟ್ಟುಕೊಳ್ಳಬೇಡಿ. ಟೊರಾಂಟೊ ನಗರದಲ್ಲಿ 2004ರಿಂದ ಒಂಟಾರಿಯೊ ಸರೋವರದ 83 ಮೀಟರ್ ಆಳದ 4 ಡಿಗ್ರಿಯ ನೀರಿನಿಂದ ಕಟ್ಟಡಗಳನ್ನು ತಂಪಾಗಿಸುತ್ತಿದ್ದಾರೆ, ಕಾರ್ನೆಲ್ ವಿಶ್ವವಿದ್ಯಾಲಯವು ಕಯೂಗ ಸರೋವರದ ನೀರನ್ನು 2000ದಿಂದ ಇದೇ ರೀತಿ ಬಳಸುತ್ತಿದೆ. ಅಲ್ಲಿ ತಂಪು ಮಾಡಲು ಕಂಪ್ರೆಸರಿನ ಅಗತ್ಯ ಬಹುಮಟ್ಟಿಗೆ ಬೀಳುವುದಿಲ್ಲ. ಅಷ್ಟು ಆಳದಲ್ಲಿ ಬೇಸಿಗೆಯೂ ಇಳಿಯದು. ಮೂರು ಮೀಟರಿನ ಕೊಳದಲ್ಲಿ ಒಂದು ಬಿರುಗಾಳಿ ಬೀಸಿದರೆ ಮೇಲಿನ ನೀರು ಕೆಳಗಿನ ನೀರಿನೊಂದಿಗೆ ಬೆರೆತು, ತಳವೂ ಹೆಚ್ಚುಕಡಿಮೆ ಮೇಲ್ಮೈಯಷ್ಟೇ ಬೆಚ್ಚಗಾಗುತ್ತದೆ. ನಿಮಗೆ ಕಂಪ್ರೆಸರ್ ಬೇಕೇ ಬೇಕು.

ಬಿಸಿ ಹವೆಯ ಪ್ರದೇಶದ ಓದುಗರು

ನಮ್ಮಲ್ಲಿ ನೀರು ಎಂದೂ ಹೆಪ್ಪುಗಟ್ಟುವುದಿಲ್ಲ, ಮನೆಯನ್ನು ತಂಪಾಗಿಸುವುದಷ್ಟೇ ನಮಗೆ ಬೇಕು. 300 ಚದರ ಮೀಟರ್ ಹರವಿನ ಒಂದು ಹೊಂಡವಿದೆ. ಬೇಸಿಗೆಯಲ್ಲಿ ಗಾಳಿ 40 ಡಿಗ್ರಿ ಮುಟ್ಟಿದಾಗಲೂ ಅದರ ತಳದ ನೀರು 30 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅಷ್ಟು ಬೆಚ್ಚನೆಯ ನೀರಿನಿಂದ ಪ್ರಯೋಜನವುಂಟೇ? ಶಾಖ ಬಿಟ್ಟು ಬಿಟ್ಟು ನೀರೇ ಆವಿಯಾಗಿ ಹೋದರೆ ಏನು ಮಾಡುವುದು ಎಂಬ ಚಿಂತೆಯೂ ಇದೆ.

ಹೀಟ್ ಪಂಪ್ ಎಂಜಿನಿಯರ್

ಪ್ರಯೋಜನವುಂಟು. ಸಾಮಾನ್ಯ ಎ.ಸಿ. ತನ್ನ ಶಾಖವನ್ನು 40 ಡಿಗ್ರಿಯ ಗಾಳಿಗೆ ಬಿಡಬೇಕು, ನಿಮ್ಮ ಯಂತ್ರ 30 ಡಿಗ್ರಿಯ ನೀರಿಗೆ ಬಿಡುತ್ತದೆ. ಏರಿಸುವ ಎತ್ತರ ಹತ್ತು ಡಿಗ್ರಿ ಕಡಿಮೆಯಾದದ್ದಲ್ಲದೆ, ನೀರು ಗಾಳಿಗಿಂತ ಎಷ್ಟೋ ಚೆನ್ನಾಗಿ ಶಾಖವನ್ನು ಹೀರಿಕೊಳ್ಳುತ್ತದೆ. ಹೀಟ್ ಪಂಪುಗಳನ್ನು ಪರೀಕ್ಷಿಸುವ ಅಂತರರಾಷ್ಟ್ರೀಯ ಐಎಸ್‌ಒ 13256-1 ಮಾನದಂಡದಲ್ಲಿಯೂ ನೀರಿನ ಸುತ್ತಿಗೆ ಜೋಡಿಸುವ ಯಂತ್ರಗಳ ತಂಪು ಸಾಮರ್ಥ್ಯವನ್ನು ಒಳಬರುವ ನೀರು 30 ಡಿಗ್ರಿ ಇದ್ದಾಗಲೇ ಅಳೆಯುತ್ತಾರೆ. ಒಣ ಹವೆಯಲ್ಲಿ ಆವಿಯಾಗುವಿಕೆಯಿಂದ ಹೊಂಡ ಇನ್ನೂ ತಂಪಾಗಿರುತ್ತದೆ, ತೇವಾಂಶ ತುಂಬಿದ ಹವೆಯಲ್ಲಿ ಈ ಲಾಭ ಕಡಿಮೆ.

ನೀರಿನ ಚಿಂತೆಗೆ ಲೆಕ್ಕವೇ ಉತ್ತರ ಕೊಡುತ್ತದೆ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 0.68 ಯೂನಿಟ್ ಶಾಖವನ್ನು ಒಯ್ಯುತ್ತದೆ. ದಿನಕ್ಕೆ 125 ಯೂನಿಟ್ ಶಾಖ ಬಿಟ್ಟು, ಅದೆಲ್ಲವೂ ಆವಿಯಾಗಿಯೇ ಹೋಯಿತೆಂದುಕೊಂಡರೂ ಸುಮಾರು 184 ಲೀಟರ್ ಆಯಿತು. ನಿಮ್ಮ ಹೊಂಡದಲ್ಲಿ ಅದು 0.6 ಮಿಲಿಮೀಟರ್ ಇಳಿತ. ಬಿಸಿಲಿಗೆ ತಾನಾಗಿಯೇ ದಿನಕ್ಕೆ ಹಲವು ಮಿಲಿಮೀಟರ್ ಇಳಿಯುವ ನೀರಿನ ಮುಂದೆ ಇದು ದೊಡ್ಡದಲ್ಲ.

ನಿಮಗೆ ನಿಜವಾದ ಅಪಾಯ ಇರುವುದು ಬೇಸಿಗೆಯ ಕೊನೆಯಲ್ಲಿ. ತಂಪು ಅತ್ಯಂತ ಹೆಚ್ಚು ಬೇಕಾದ ಹೊತ್ತಿನಲ್ಲಿಯೇ ನೀರು ಅತ್ಯಂತ ಕಡಿಮೆಯಿರುತ್ತದೆ. ಮೊಣಕಾಲುದ್ದಕ್ಕೆ ಇಳಿದ ನೀರು ಹಗಲಿನ ಬಿಸಿಲಿಗೆ ಗಾಳಿಯಷ್ಟೇ ಕಾಯಬಹುದು, ಸುರುಳಿಗಳು ನೀರಿನಿಂದ ಹೊರಬಂದರೆ ವ್ಯವಸ್ಥೆಯೇ ನಿಲ್ಲುತ್ತದೆ. ಅತಿ ಬರದ ವರ್ಷದಲ್ಲಿ ಹೊಂಡದ ನೀರು ಎಲ್ಲಿಯವರೆಗೆ ಇಳಿದಿತ್ತೆಂಬುದನ್ನು ಹಿರಿಯರಿಂದ ಕೇಳಿ ತಿಳಿದು, ಆ ಗುರುತಿನ ಕೆಳಗೂ ಒಂದೂವರೆ ಮೀಟರ್ ನೀರು ನಿಲ್ಲುವುದಾದರೆ ಮಾತ್ರ ಮುಂದುವರಿಯಿರಿ. ಅದೇ ನೀರನ್ನು ಗಿಡಗಳಿಗೂ ಎತ್ತುವುದಿದ್ದರೆ ಎಲ್ಲಿಯವರೆಗೆ ಎತ್ತಬಹುದೆಂಬುದನ್ನೂ ಮೊದಲೇ ನಿಗದಿಪಡಿಸಿ.

ಮನೆ ಕಟ್ಟಿಸುತ್ತಿರುವವರು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞ. ನಮ್ಮಲ್ಲಿ ಏರೇಟರ್ ಇದೆ, ಅದನ್ನು ದಂಡೆಯ ಕಡೆಗೆ ಸರಿಸುವುದು ಕಷ್ಟವಲ್ಲ. ನನ್ನಲ್ಲಿ ಇನ್ನೆರಡು ಪ್ರಶ್ನೆಗಳು ಉಳಿದಿವೆ. ಸುರುಳಿಗಳ ಗೊಡವೆಯೇ ಇಲ್ಲದೆ ಕೊಳದ ನೀರನ್ನೇ ಪಂಪಿನಿಂದ ಯಂತ್ರಕ್ಕೆ ಎತ್ತಿ, ಶಾಖ ತೆಗೆದು, ಮತ್ತೆ ಕೊಳಕ್ಕೆ ಬಿಡಬಾರದೇಕೆ? ಅದಾಗದಿದ್ದರೆ, ಹೂಳೆತ್ತಿಸಿ ಕೊಳವನ್ನು ಇನ್ನಷ್ಟು ಆಳ ಮಾಡಿಸಿದರೆ ಗಡಿಯಂಚಿನಿಂದ ಈಚೆಗೆ ಬರಬಹುದೇ?

ಪೈಪ್ ಕೆಲಸದ ಗುತ್ತಿಗೆದಾರರು

ಮೊದಲನೆಯದಕ್ಕೆ ನಾನು ಉತ್ತರಿಸುತ್ತೇನೆ. ಹೆಪ್ಪುಗಟ್ಟುವ ಕಡೆ ತೆರೆದ ಸುತ್ತು, ಅಂದರೆ ಹೀಗೆ ಕೊಳದ ನೀರನ್ನೇ ಯಂತ್ರಕ್ಕೆ ಹಾಯಿಸುವುದು, ಬೇಡವೇ ಬೇಡ. ಯಂತ್ರದೊಳಗೆ ನೀರು ಮೂರು ಡಿಗ್ರಿಯಷ್ಟು ತಣ್ಣಗಾಗುತ್ತದೆ. ನಾಲ್ಕು ಡಿಗ್ರಿಯ ನೀರು ಒಂದಕ್ಕೆ ಇಳಿದರೆ ಲೋಹದ ಗೋಡೆಯ ಬಳಿ ಅದು ಗಡ್ಡೆ ಕಟ್ಟಲು ಹೆಚ್ಚು ಹೊತ್ತು ಬೇಕಿಲ್ಲ, ನೀರಿನಿಂದ ಶಾಖ ತೆಗೆಯುವ ಭಾಗವಾದ ಶಾಖ ವಿನಿಮಯಕ ಒಡೆದರೆ ಯಂತ್ರವೇ ಹೋಯಿತು. ಬಿಸಿ ಪ್ರದೇಶದಲ್ಲಿ ಆ ಭಯವಿಲ್ಲದಿದ್ದರೂ ಪಾಚಿ, ಕೆಸರು, ಮೀನಿನ ಮರಿ, ಚಿಪ್ಪಿನ ಹುಳುಗಳು ಜಾಲರಿಯನ್ನೂ ವಿನಿಮಯಕವನ್ನೂ ಮುಚ್ಚುತ್ತಲೇ ಇರುತ್ತವೆ.

ಸುರುಳಿಗಳನ್ನು ಮುಳುಗಿಸುವ ಮುಚ್ಚಿದ ಸುತ್ತಿನಲ್ಲಿ ಒಳಗಿನ ದ್ರವ ಸೊನ್ನೆಗಿಂತ ಕೆಳಗಿಳಿಯಬಹುದು. ಕೊಳದ ನೀರು 4 ಡಿಗ್ರಿ ಇದ್ದಾಗ ಯಂತ್ರಕ್ಕೆ ಬರುವ ದ್ರವ 1 ಡಿಗ್ರಿಯಲ್ಲಿ, ಹೊರಡುವುದು ಸೊನ್ನೆಗಿಂತ 2 ಡಿಗ್ರಿ ಕೆಳಗೆ ಇರುವುದು ಸಾಮಾನ್ಯ. ಪ್ರೊಪಿಲೀನ್ ಗ್ಲೈಕಾಲ್ ಐದರಲ್ಲೊಂದು ಪಾಲು ಬೆರೆಸಿದರೆ ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗಿನವರೆಗೆ ರಕ್ಷಣೆ ಸಿಗುತ್ತದೆ. ಹೆಚ್ಚು ಬೆರೆಸಿದಷ್ಟೂ ದ್ರವ ಮಂದವಾಗಿ ಪಂಪಿಗೆ ಹೊರೆಯಾಗುವುದರಿಂದ ಬೇಕಾದಷ್ಟಕ್ಕಿಂತ ಹೆಚ್ಚು ಹಾಕಬಾರದು.

ಕೊಳ, ಮೀನು ನೋಡಿಕೊಳ್ಳುವವರು

ಹೂಳೆತ್ತಿಸುವುದು ಎರಡು ರೀತಿಯಲ್ಲಿ ಒಳ್ಳೆಯದು. ನೀರಿನ ಪ್ರಮಾಣ ಹೆಚ್ಚುತ್ತದೆ, ಚಳಿಗಾಲದಲ್ಲಿ ಕೊಳೆತು ಆಮ್ಲಜನಕ ತಿನ್ನುವ ಕೆಸರೂ ಹೋಗುತ್ತದೆ. ಆದರೆ ಜೇಡಿಮಣ್ಣಿನ ಪದರದ ಮೇಲೆ ನಿಂತ ಕೊಳವಾದರೆ ಆ ಪದರವನ್ನು ಕೆರೆದುಬಿಡದಂತೆ ನೋಡಿಕೊಳ್ಳಬೇಕು, ಇಲ್ಲವಾದರೆ ಹೂಳಿನ ಜೊತೆ ನೀರೂ ಇಂಗಿಹೋಗುತ್ತದೆ. ಸುರುಳಿಗಳು ತಳಕ್ಕೆ ಅಂಟದಂತೆ ಒಂದೆರಡು ಅಡಿ ಎತ್ತರದ ಚೌಕಟ್ಟಿನ ಮೇಲಿರಲಿ. ಹೂಳಿನಲ್ಲಿ ಹುದುಗಿದ ಪೈಪಿನ ಸುತ್ತ ನೀರು ಚಲಿಸುವುದಿಲ್ಲ, ಅದು ಪಡೆಯುವ ಶಾಖವೂ ಕುಗ್ಗುತ್ತದೆ. ಜೊಂಡು ಬೆಳೆಯುವ ಅಂಚುಗಳಲ್ಲಿ ಸುರುಳಿಗಳನ್ನು ಇಡಲೇಬೇಡಿ.

ಹೀಟ್ ಪಂಪ್ ಎಂಜಿನಿಯರ್

ಸರಾಸರಿ ಆಳ 2ರಿಂದ 3 ಮೀಟರಿಗೆ ಹೆಚ್ಚಿದರೆ ನಿಮ್ಮ 90 ದಿನಗಳ ಇಳಿತ 4 ಡಿಗ್ರಿಯಿಂದ ಸುಮಾರು 2.7ಕ್ಕೆ ಬರುತ್ತದೆ. ಅಮೆರಿಕದ ಇಂಧನ ಇಲಾಖೆಯ ಮಾರ್ಗದರ್ಶನದಲ್ಲಿ ಸುರುಳಿಗಳ ಮೇಲೆ ಕನಿಷ್ಠ 8 ಅಡಿ, ಅಂದರೆ 2.4 ಮೀಟರ್ ನೀರಿರಬೇಕೆಂದಿದೆ. ಈಗ ಮಡುವಿನಲ್ಲಿ ಮಾತ್ರ ಸಿಗುವ ಆ ಆಳ ಆಗ ಹೆಚ್ಚು ಜಾಗದಲ್ಲಿ ಸಿಗುತ್ತದೆ. ಆದರೆ ಕೊಳ ಅಗೆಯುವುದಕ್ಕಿಂತ ಮೊದಲು ಮನೆಯ ಕಡೆ ನೋಡಿ. ಮನೆ ಇನ್ನೂ ಕಟ್ಟುತ್ತಿರುವುದರಿಂದ ಗೋಡೆ, ಚಾವಣಿ, ಕಿಟಕಿಗಳ ಶಾಖನಿರೋಧವನ್ನು ಹೆಚ್ಚಿಸಿ 10 ಕಿಲೋವ್ಯಾಟ್ ಬೇಡಿಕೆಯನ್ನು 7ಕ್ಕೆ ತಂದರೆ, ಕೊಳವನ್ನು ಮುಟ್ಟದೆಯೇ ಹೆಚ್ಚುಕಡಿಮೆ ಅಷ್ಟೇ ಲಾಭ ಬಂದಂತಾಗುತ್ತದೆ, ವಿದ್ಯುತ್ ಬಿಲ್ಲೂ ಅದರೊಂದಿಗೆ ಇಳಿಯುತ್ತದೆ.

ಶಾಖವನ್ನು ಮನೆಯೊಳಗೆ ಯಾವ ಉಷ್ಣತೆಯಲ್ಲಿ ಹಂಚುತ್ತೀರಿ ಎಂಬುದೂ ಅಷ್ಟೇ ಮುಖ್ಯ. ಸೊನ್ನೆ ಡಿಗ್ರಿಯಿಂದ 35 ಡಿಗ್ರಿಗೆ ಶಾಖ ಏರಿಸುವಾಗ ಸೈದ್ಧಾಂತಿಕ ಮಿತಿ ಒಂದು ಯೂನಿಟ್ ವಿದ್ಯುತ್ತಿಗೆ 8.8 ಯೂನಿಟ್ ಶಾಖ, 50 ಡಿಗ್ರಿಗೆ ಏರಿಸುವಾಗ ಅದು 6.5ಕ್ಕೆ ಇಳಿಯುತ್ತದೆ. ನಿಜವಾದ ಯಂತ್ರಗಳು ಈ ಮಿತಿಯ ಸುಮಾರು ಅರ್ಧದಷ್ಟನ್ನು ಸಾಧಿಸುತ್ತವೆ. ನೆಲಹಾಸಿನಡಿ ಪೈಪು ಹಾಯಿಸಿ 35 ಡಿಗ್ರಿಯ ನೀರಿನಿಂದ ಮನೆ ಬೆಚ್ಚಗಿಡುವುದಕ್ಕೂ ಗೋಡೆಯ ರೇಡಿಯೇಟರುಗಳಿಗೆ 50 ಡಿಗ್ರಿಯ ನೀರು ಕಳಿಸುವುದಕ್ಕೂ ಇರುವ ಈ ಅಂತರ ಯಾವ ಕಂಪನಿಯ ಯಂತ್ರ ಕೊಂಡರೂ ಮರೆಯಾಗದು. ನೆಲ ಹಾಸುವ ಮುನ್ನ ಈ ತೀರ್ಮಾನವಾಗಬೇಕು.

ಆಮೇಲೂ ಕೊಳ ಗಡಿಯಂಚಿನಲ್ಲಿಯೇ ಉಳಿದರೆ, ಯಂತ್ರವನ್ನು ಗರಿಷ್ಠ ಬೇಡಿಕೆಗೆ ಕೊಳ್ಳದೆ ಅದರ ಮೂರರಲ್ಲೆರಡು ಭಾಗಕ್ಕೆ ಕೊಂಡು, ಅತಿ ಚಳಿಯ ದಿನಗಳಿಗೆ ಕಟ್ಟಿಗೆಯ ಒಲೆಯನ್ನೋ ವಿದ್ಯುತ್ ಹೀಟರನ್ನೋ ಜೊತೆಗಿಟ್ಟುಕೊಳ್ಳಿ. ಅತಿ ಚಳಿಯ ದಿನಗಳು ವರ್ಷದಲ್ಲಿ ಕೆಲವೇ ಆದ್ದರಿಂದ ಶಾಖದ ಬಹುಪಾಲು ಆಗಲೂ ಕೊಳದಿಂದಲೇ ಬರುತ್ತದೆ.

ಮನೆ ಕಟ್ಟಿಸುತ್ತಿರುವವರು

ಹಾಗಾದರೆ ಈ ಚಳಿಗಾಲ ಯಂತ್ರ ಕೊಳ್ಳದೆ ಕೊಳದ ಉಷ್ಣತೆಯನ್ನು ಅಳೆಯುವುದು, ನೆಲಹಾಸಿನಡಿಯ ಪೈಪುಗಳನ್ನು ಮಾತ್ರ ಈಗಲೇ ಹಾಕಿಸುವುದು ಎಂದು ಮನೆಯವರೆಲ್ಲ ಸೇರಿ ಒಪ್ಪಿದ್ದೇವೆ. ಅಳೆಯುವ ಕ್ರಮ ಹೇಗಿರಬೇಕು?

ಹೀಟ್ ಪಂಪ್ ಎಂಜಿನಿಯರ್

ಮಡುವಿನ ನಡುವೆ ಒಂದು ಕಲ್ಲು ಇಳಿಸಿ, ಅದಕ್ಕೆ ಕಟ್ಟಿದ ಹಗ್ಗವನ್ನು ಗಡ್ಡೆ ಕಟ್ಟುವ ಪದರದ ಕೆಳಗೆ ನಿಲ್ಲುವ ಒಂದು ತೇಲುಬುರುಡೆಗೆ ಬಿಗಿಯಿರಿ. ಹಗ್ಗದ ಮೇಲೆ ತಳಕ್ಕಿಂತ ಒಂದು ಗೇಣು ಮೇಲೆ, ಒಂದು ಮೀಟರ್ ಮೇಲೆ, ಎರಡು ಮೀಟರ್ ಮೇಲೆ ಹೀಗೆ ಮೂರು ಕಡೆ ತಾನಾಗಿ ದಾಖಲಿಸುವ ಜಲನಿರೋಧಕ ಉಷ್ಣಮಾಪಕಗಳನ್ನು ಕಟ್ಟಿ, ಗಂಟೆಗೊಮ್ಮೆ ಅಂಕಿ ದಾಖಲಾಗುವಂತೆ ಹೊಂದಿಸಿ. ಇಳಿಸುವ ಮೊದಲು ಮೂರನ್ನೂ ಮಂಜುಗಡ್ಡೆ ಬೆರೆಸಿದ ನೀರಿನಲ್ಲಿಟ್ಟು ಸೊನ್ನೆ ತೋರಿಸುತ್ತವೆಯೇ ಎಂದು ನೋಡಿ, ಏಕೆಂದರೆ ನಮಗೆ ಬೇಕಾದ ವ್ಯತ್ಯಾಸವೇ ಒಂದೆರಡು ಡಿಗ್ರಿಯದು. ಗಡ್ಡೆ ಕಟ್ಟಿದ ದಿನ, ಕರಗಿದ ದಿನ, ನೀರಿನ ಮಟ್ಟ, ಏರೇಟರ್ ನಡೆದ ದಿನಗಳನ್ನು ಪ್ರತ್ಯೇಕವಾಗಿ ಬರೆದಿಡಿ.

ಚಳಿಗಾಲದ ಕೊನೆಯಲ್ಲಿ, ಗಡ್ಡೆ ಕರಗುವುದಕ್ಕೆ ಮುಂಚಿನ ವಾರಗಳಲ್ಲಿ ತಳದ ಅಂಕಿ 4 ಡಿಗ್ರಿಯ ಹತ್ತಿರ ನಿಂತಿದ್ದರೆ ಅಥವಾ ಮಣ್ಣಿನ ಶಾಖದಿಂದ ಅದಕ್ಕಿಂತ ಸ್ವಲ್ಪ ಮೇಲಿದ್ದರೆ ನಿಮ್ಮ ಕೊಳಕ್ಕೆ ಶಾಖ ಮರಳಿ ಬರುತ್ತಿದೆ ಎಂದರ್ಥ, ಆಗ 7 ಕಿಲೋವ್ಯಾಟ್ ಬೇಡಿಕೆಯ ವಿನ್ಯಾಸವನ್ನು ಧೈರ್ಯವಾಗಿ ಮಾಡಬಹುದು. ಯಂತ್ರವೇ ಇಲ್ಲದೆ ಅದು 2 ಡಿಗ್ರಿಗೆ ಇಳಿದಿದ್ದರೆ, ಕೊಳದ ಪಕ್ಕದ ಒದ್ದೆ ನೆಲದಲ್ಲಿ ಕಂದಕ ತೋಡಿ ಅಡ್ಡಲಾಗಿ ಪೈಪು ಹೂಳುವ ದಾರಿಯನ್ನು ಪರಿಶೀಲಿಸೋಣ. ಎರಡರಲ್ಲಿ ಯಾವುದಾದರೂ ಮನೆಯೊಳಗಿನ ಯಂತ್ರವೂ ನೆಲಹಾಸಿನ ಪೈಪುಗಳೂ ಬದಲಾಗಬೇಕಿಲ್ಲ. ಅಂಕಿಗಳು ಕೈಗೆ ಬಂದ ಮೇಲೆ ಇಲ್ಲಿಯೇ ಬರೆಯಿರಿ, ಸುರುಳಿಗಳ ಉದ್ದವನ್ನು ಆಗ ನಿಗದಿಪಡಿಸೋಣ.